ದೂರದ ನೋವು, ಅರಿತ ದಾನ

ಪರದೇಶದ ಯುದ್ಧಸಂತ್ರಸ್ತರಿಗಾಗಿ ನಿಧಿ ಕೂಡಿಸುವ ಮಾತು ಬಂದಾಗ ‘ಮನೆಗೆ ಮಾರಿ, ಊರಿಗೆ ಉಪಕಾರಿ’ ಎಂಬ ಗಾದೆ ಹಜೀರಾದಲ್ಲಿ ನೆಲೆಸಿದ ಕನ್ನಡಿಗರ ನಡುವೆಯೂ ಕೇಳಿಬರಬಹುದು. ಆದರೆ ಉಕ್ರೇನಿನ ದುಃಖವು ಕನ್ನಡನಾಡಿಗೆ ಹೊರಗಿನದಲ್ಲ. 2022ರ ಮಾರ್ಚ್ 1ರಂದು ಖಾರ್ಕಿವ್ ನಗರದ ಮೇಲೆ ನಡೆದ ಶೆಲ್ ದಾಳಿಯಲ್ಲಿ ಹಾವೇರಿ ಜಿಲ್ಲೆಯ ಚಳಗೇರಿಯ ವೈದ್ಯ ವಿದ್ಯಾರ್ಥಿಯೊಬ್ಬನು ಮಡಿದನು. ಮಗನ ದೇಹವು ಊರಿಗೆ ಬಂದಾಗ ತಂದೆತಾಯಿಗಳು ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನವಿತ್ತರು. ಅದಕ್ಕಿಂತ ಹಿರಿದಾದ ಕೊಡುಗೆ ಯಾವುದು?

ಗುಜರಾತಿನ ನೆಲಕ್ಕೂ ಈ ಧರ್ಮ ಹೊಸದಲ್ಲ. 1942ರಲ್ಲಿ ನವಾನಗರದ ಜಾಮ್‌ಸಾಹೇಬ್ ದಿಗ್ವಿಜಯಸಿಂಹಜಿಯವರು ಯುದ್ಧದಿಂದ ನೆಲೆಗೆಟ್ಟ ನೂರಾರು ಪೋಲಿಷ್ ಮಕ್ಕಳಿಗೆ ಬಾಲಾಚಡಿಯಲ್ಲಿ ಆಶ್ರಯ ನೀಡಿದರು. ಎಂಬತ್ತು ವರ್ಷಗಳ ತರುವಾಯ ಅದೇ ಪೋಲೆಂಡು ಲಕ್ಷಾಂತರ ಉಕ್ರೇನಿಯನ್ನರಿಗೆ ಬಾಗಿಲು ತೆರೆಯಿತು. ಭಾರತದ ಅನೇಕ ವಿದ್ಯಾರ್ಥಿಗಳೂ ಅದೇ ಗಡಿಯನ್ನು ದಾಟಿ ಮನೆ ಸೇರಿದರು. ಕೊಟ್ಟದ್ದು ಕೆಡಲಿಲ್ಲ.

ಆದರೆ ಕರುಣೆಗೆ ವಿವೇಕವೂ ಜೊತೆಗಿರಬೇಕು. ಮನೆಯ ಕಪಾಟಿನಲ್ಲಿ ಉಳಿದ ಮಾತ್ರೆಗಳನ್ನು ಕಟ್ಟಿ ಕಳುಹುವುದು ಸೇವೆಯೆನಿಸದು. ರೋಗಿಗಳು ಬಳಸದೆ ಬಿಟ್ಟ ಔಷಧಗಳನ್ನು ದಾನವಾಗಿ ನೀಡಬಾರದೆಂದೂ, ದಾನದ ಔಷಧವು ತಲುಪುವ ವೇಳೆಗೆ ಅದರ ಅವಧಿ ಸಾಮಾನ್ಯವಾಗಿ ಒಂದು ವರ್ಷವಾದರೂ ಉಳಿದಿರಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂತ್ರ ಹೇಳುತ್ತದೆ. ಗೊತ್ತುಗುರಿಯಿಲ್ಲದ ಹಳೆಯ ಬಟ್ಟೆಗಳ ಗಂಟೂ ಹಾಗೆಯೇ. ಅದನ್ನು ಸಾಗಿಸುವುದೂ ವಿಂಗಡಿಸುವುದೂ ನೊಂದವರಿಗೇ ಹೊರೆ. ಮಧುಮೇಹಿಗೆ ಇನ್ಸುಲಿನ್, ಗಾಯಾಳುವಿಗೆ ರಕ್ತ, ಮಗುವಿಗೆ ಹಾಲು ಬೇಕು. ಅಗತ್ಯವನ್ನು ಬಲ್ಲವರು ಅಲ್ಲಿಯೇ ಇದ್ದಾರೆ. ಆದುದರಿಂದ ರೆಡ್ ಕ್ರಾಸ್‌ನಂತಹ ನಂಬಿಕೆಯ ಸಂಸ್ಥೆಯ ಮೂಲಕ ಸಲ್ಲುವ ಹಣವೇ ಲೇಸು.

ಮನೆಗೆ ಬೇಡವಾದುದನ್ನು ಹೊರಹಾಕುವುದು ದಾನವಲ್ಲ. ನೊಂದವನಿಗೆ ಬೇಕಾದುದನ್ನು ಅರಿತು ಕೊಡುವುದೇ ದಾನ.