ಹಾರುವ ಮುನ್ನ ಡಂಗುರ ಸಾರಲಿ

ರಾಣೆಬೆನ್ನೂರು ತಾಲ್ಲೂಕಿನ ಹಲಗೇರಿಯಂಥ ಊರುಗಳಲ್ಲಿ ಮನೆಯ ಮರ್ಯಾದೆ ಕಾಯುವುದು ಗೋಡೆ. ಬೀದಿಯಲ್ಲಿ ಹೋಗುವವರ ಕಣ್ಣಿಗೆ ಬೀಳದಂತೆ ಹಿತ್ತಲಿಗೆ ಆಳೆತ್ತರದ ಗೋಡೆ ಕಟ್ಟಿಕೊಂಡರೆ ಸ್ನಾನ, ಬಟ್ಟೆ ಒಗೆಯುವುದು, ಕೂಸಿಗೆ ನೀರೆರೆಯುವುದು ಎಲ್ಲವೂ ನಿರಾತಂಕ. ಹಳ್ಳಿಗಳ ಎಷ್ಟೋ ಬಚ್ಚಲುಗಳಿಗೆ ಇಂದಿಗೂ ಸೂರಿಲ್ಲ. ಅದರ ಅಗತ್ಯವೂ ಯಾರಿಗೂ ಕಂಡಿರಲಿಲ್ಲ. ಮೇಲಿನಿಂದ ಇಣುಕುವವರು ಯಾರೂ ಇರಲಿಲ್ಲವಲ್ಲ! ಡ್ರೋನ್ ಈ ಲೆಕ್ಕಾಚಾರವನ್ನು ಬುಡಮೇಲು ಮಾಡಿದೆ.

ನಾನು ಡ್ರೋನ್ ವಿರೋಧಿಯಲ್ಲ. ಬೆನ್ನಿಗೆ ಪಂಪು ಕಟ್ಟಿಕೊಂಡು, ಆಳೆತ್ತರ ಬೆಳೆದ ಗೋವಿನಜೋಳದ ನಡುವೆ ವಿಷದ ಹನಿಗಳನ್ನು ತಾನೇ ಉಸಿರಾಡುತ್ತಾ ಔಷಧಿ ಹೊಡೆಯುವ ಕೂಲಿಕಾರನ ಪಾಲಿಗೆ ಈ ಯಂತ್ರ ವರವಾಗಬಲ್ಲದು. 15 ಸಾವಿರ ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಒದಗಿಸುವ ಯೋಜನೆಗೆ ಕೇಂದ್ರ ಸಚಿವ ಸಂಪುಟ 2023ರ ನವೆಂಬರ್‌ನಲ್ಲಿ ಒಪ್ಪಿಗೆ ನೀಡಿದ್ದೂ ಸ್ವಾಗತಾರ್ಹವೇ. ಪ್ರಶ್ನೆ ಇರುವುದು ಯಂತ್ರದ ಬಗ್ಗೆ ಅಲ್ಲ, ಅದರ ಹೊಣೆಗಾರಿಕೆಯ ಬಗ್ಗೆ. ತಲೆಯ ಮೇಲೆ ಗುಂಯ್‌ಗುಡುತ್ತಿರುವ ಡ್ರೋನ್ ಮದುವೆಯ ಫೋಟೊಗ್ರಾಫರನದೋ, ರೈತನದೋ, ಪೊಲೀಸರದೋ ಎಂಬುದು ಕೆಳಗೆ ನಿಂತವರಿಗೆ ತಿಳಿಯುವ ಬಗೆ ಹೇಗೆ?

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ. ಆದರೆ ತೀರ್ಪಿನ ಆಶಯ ಹಿತ್ತಲಿನವರೆಗೆ ಇನ್ನೂ ಇಳಿದಿಲ್ಲ. 2021ರ ಮಾರ್ಚ್‌ನ ನಿಯಮಗಳಲ್ಲಿ, ಚಿತ್ರೀಕರಣದ ವೇಳೆ ವ್ಯಕ್ತಿಯ ಹಾಗೂ ಆತನ ಆಸ್ತಿಯ ಖಾಸಗಿತನ ಕಾಪಾಡಬೇಕು ಎಂಬ ಮಾತಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ಬಂದ ಉದಾರ ನಿಯಮಗಳಲ್ಲಿ ಅದು ಕಾಣೆಯಾಯಿತು. ಹಸಿರು ವಲಯದಲ್ಲಿ 120 ಮೀಟರ್ ಎತ್ತರದವರೆಗೆ ಹಾರಿಸಲು ಅನುಮತಿ ಬೇಕಿಲ್ಲ. 250 ಗ್ರಾಂವರೆಗಿನ ಡ್ರೋನ್‌ಗೂ, ವಾಣಿಜ್ಯೇತರ ಬಳಕೆಯ 2 ಕೆ.ಜಿ.ವರೆಗಿನ ಡ್ರೋನ್‌ಗೂ ಪೈಲಟ್ ಪರವಾನಗಿ ಬೇಡ. ಕದ್ದು ಇಣುಕಲು ಬೇಕಾಗುವುದು ಇಂಥ ಪುಟ್ಟ ಡ್ರೋನ್ ತಾನೆ?

ಕಾನೂನು ಇಲ್ಲವೇ ಇಲ್ಲ ಎಂದೇನಲ್ಲ. ಮಹಿಳೆಯ ಖಾಸಗಿ ಕ್ಷಣಗಳನ್ನು ಕದ್ದು ನೋಡುವುದು, ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಪ್ರಕಾರ ಅಪರಾಧ. ಆದರೆ ಹಾರಿಸಿದವರು ಯಾರೆಂದೇ ಗೊತ್ತಿಲ್ಲದಿದ್ದರೆ ದೂರು ಕೊಡುವುದು ಯಾರ ಮೇಲೆ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೋ, ಸ್ವಂತ ಬಳಕೆಗೆಂದು ವ್ಯಕ್ತಿಯೊಬ್ಬ ಕೂಡಿಟ್ಟ ಮಾಹಿತಿಯನ್ನು ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿದೆ.

ಇನ್ನು ಸುರಕ್ಷತೆ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಮಾನವರಹಿತ ವಿಮಾನಗಳು ಪರೀಕ್ಷಾರ್ಥ ಹಾರಾಟದಲ್ಲಿ ಚಿತ್ರದುರ್ಗ ಜಿಲ್ಲೆಯ ಹೊಲಗಳಿಗೆ ಉರುಳಿದ್ದು ಒಮ್ಮೆಯಲ್ಲ, 2019ರ ಸೆಪ್ಟೆಂಬರ್‌ನಲ್ಲಿ ಮತ್ತು 2023ರ ಆಗಸ್ಟ್‌ನಲ್ಲಿ. ಪುಣ್ಯಕ್ಕೆ ಜೀವಹಾನಿ ಆಗಲಿಲ್ಲ. ನುರಿತ ತಜ್ಞರ ಯಂತ್ರವೇ ಕೆಡುವುದಾದರೆ, ಮದುವೆ ಚಪ್ಪರದ ಮೇಲೆ ಹಾರುವ ಡ್ರೋನ್ ಬಗ್ಗೆ ಎಚ್ಚರ ಬೇಡವೇ? ಗಾಳಿ ಬೀಸುವಾಗ ಸಿಂಪಡಿಸಿದ ಕೀಟನಾಶಕ ಬದು ದಾಟಿ ಪಕ್ಕದ ಹೊಲದ ಹಿಪ್ಪುನೇರಳೆಗೆ ತಗುಲಿದರೆ ರೇಷ್ಮೆಹುಳು ಉಳಿಯದು. ಬೀಜೋತ್ಪಾದನೆಗೆ ಹೆಸರಾದ ರಾಣೆಬೆನ್ನೂರಿನ ಹೊಲಗಳಲ್ಲಿ ಹೂವಿನಿಂದ ಹೂವಿಗೆ ಕೈಯಾರೆ ಪರಾಗ ಮುಟ್ಟಿಸುವ ಹೆಣ್ಣುಮಕ್ಕಳಿಗೂ ನೆರೆಹೊಲದ ಸಿಂಪಡಣೆಯ ಸುದ್ದಿ ಮೊದಲೇ ತಿಳಿದಿರಬೇಕು.

ಪರಿಹಾರವನ್ನು ದೂರದಲ್ಲಿ ಹುಡುಕಬೇಕಿಲ್ಲ. ಗ್ರಾಮಠಾಣಾ ಆಸ್ತಿಗಳನ್ನು ಡ್ರೋನ್ ಮೂಲಕ ಅಳೆಯುವ 'ಸ್ವಾಮಿತ್ವ' ಯೋಜನೆ 2020ರ ಏಪ್ರಿಲ್ 24ರಂದು ಆರಂಭವಾಯಿತು. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಅದರ ಕ್ರಮ ಗಮನಿಸಿ: ಮೊದಲು ಗ್ರಾಮಸಭೆಯಲ್ಲಿ ತಿಳಿವಳಿಕೆ, ಬಳಿಕ ಜನರ ಸಮಕ್ಷಮದಲ್ಲಿ ಆಸ್ತಿಯ ಗಡಿಗೆ ಸುಣ್ಣದ ಗೆರೆ, ಆಮೇಲೆ ಹಾರಾಟ. ನಕ್ಷೆ ಸಿದ್ಧವಾದ ಮೇಲೆ ಆಕ್ಷೇಪಣೆಗೂ ಅವಕಾಶ. ಇಡೀ ಊರನ್ನೇ ಚಿತ್ರೀಕರಿಸುವ ಸರ್ಕಾರ ಜನರಿಗೆ ತಿಳಿಸಿ ಹಾರಿಸಬಹುದಾದರೆ, ಮಿಕ್ಕವರಿಗೇನು ಅಡ್ಡಿ?

ಆದ್ದರಿಂದ ನನ್ನ ಬೇಡಿಕೆ ಸರಳ. ಜನವಸತಿಯ ಮೇಲೆ ಡ್ರೋನ್ ಹಾರಿಸುವವರು ಯಾರು, ಯಾವಾಗ, ಯಾತಕ್ಕೆ ಎಂಬುದನ್ನು ಗ್ರಾಮ ಪಂಚಾಯಿತಿಗೆ ಅಥವಾ ನಗರಸಭೆಗೆ ಮುಂಚಿತವಾಗಿ ತಿಳಿಸಬೇಕು. ಆ ಸೂಚನೆ ಹಲಗೆಯ ಮೇಲೆ ಬರಲಿ, ಡಂಗುರವೂ ಆಗಲಿ. ಸಿಂಪಡಣೆಗೆ ಮುನ್ನ ನೆರೆಹೊಲದವರಿಗೆ ಹೇಳುವುದು ಕಡ್ಡಾಯವಾಗಲಿ. ಗಣೇಶೋತ್ಸವದಲ್ಲೋ ಪ್ರತಿಭಟನೆಯಲ್ಲೋ ಪೊಲೀಸರು ಸೆರೆಹಿಡಿದ ದೃಶ್ಯಗಳನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಯಾರು ನೋಡುತ್ತಾರೆ ಎಂಬುದಕ್ಕೂ ಲಿಖಿತ ನಿಯಮವಿರಲಿ. ತುರ್ತು ಸಂದರ್ಭಗಳಿಗೆ ವಿನಾಯಿತಿ ಕೊಡೋಣ. ಆದರೆ ಲೆಕ್ಕ ಆಮೇಲಾದರೂ ಸಿಗಬೇಕು.

ಇದು ಉದ್ಯಮಕ್ಕೆ ಅಡ್ಡಗಾಲು ಎನ್ನುವವರಿದ್ದಾರೆ. ಬೋರ್‌ವೆಲ್ ಕೊರೆಯಲು, ಮನೆ ಕಟ್ಟಲು, ಮೆರವಣಿಗೆ ತೆಗೆಯಲು ಅರ್ಜಿ ಕೇಳುವ ನಾಡಿನಲ್ಲಿ ಒಂದು ಸೂಚನೆ ಹೊರೆಯಾಗದು. ಕೇಂದ್ರ ಸರ್ಕಾರ 2025ರಲ್ಲಿ ಡ್ರೋನ್ ಮಸೂದೆಯ ಕರಡನ್ನು ಸಾರ್ವಜನಿಕರ ಮುಂದಿಟ್ಟಿತು. ಅಂಥ ಕಾನೂನು ರೂಪುಗೊಳ್ಳುವಾಗ ಕೈಗಾರಿಕಾ ಸಂಘಗಳ ದನಿ ದೆಹಲಿಗೆ ತಾನಾಗಿಯೇ ತಲುಪುತ್ತದೆ. ಸೂರಿಲ್ಲದ ಬಚ್ಚಲಿನ ಹೆಣ್ಣುಮಗಳ ಪರವಾಗಿ ಮಾತನಾಡಬೇಕಾದವರು ನಮ್ಮ ಸಂಸದರು ಮತ್ತು ಶಾಸಕರು.