ಗುಳಿಗಿ ಅರ್ಧಾ ಮುರದ್ರ ಮಕ್ಕಳ ಔಷಧ ಆಗಂಗಿಲ್ಲ

ಅಕ್ಕಾರ, ವೈನ್ಯಾರ, ಇವತ್ತ ಸ್ವಲ್ಪ ಜಗಳಾನ ತಗೀತೀನಿ, ಸಿಟ್ಟಾಗಬ್ಯಾಡ್ರಿ. ಕೂಸಿಗೆ ಜ್ವರ ಬಂತು, ಕಿವಿ ನೋವಾತು ಅಂದ್ರ ಓಣಿ ತುಂಬ ಒಂದ ಮಾತು: "ದೊಡ್ಡವರ ಗುಳಿಗಿ ಅರ್ಧಾ ಮುರದು ಕೊಡ್ರಿ, ಏನಾಗ್ತದ?" ಏನಾಗ್ತದ ಅಂತ ಲೆಕ್ಕಾ ಹಾಕೇ ನೋಡೂಣು.

ಪ್ಯಾರಾಸಿಟಮಾಲ್ ಕೊಡೂದು ತೂಕದ ಮ್ಯಾಲ. ಒಂದ ಸಲಕ್ಕ ಕೆಜಿಗೆ 10ರಿಂದ 15 ಮಿಲಿಗ್ರಾಂ. 10 ಕೆಜಿ ಕೂಸಿಗೆ 100ರಿಂದ 150. ನಿಮ್ಮ 650ರ ಗುಳಿಗಿ ಅರ್ಧಾ ಮುರದ್ರ 325. ಎರಡ ಪಟ್ಟಿಗಿಂತ ಜಾಸ್ತಿ ಆತಲ್ಲ? ಹಿಂಗ ದಿನಕ್ಕ ನಾಕೈದ ಸಲ ಕೊಟ್ರ ಲಿವರ್ ಕೆಡ್ತದ. ಸಿರಪ್ಪಿನ ಕತಿನೂ ಅಷ್ಟ. ಒಂದ ಬಾಟ್ಲ್ಯಾಗ 5 ಎಂಎಲ್‌ಗೆ 120 ಮಿಲಿಗ್ರಾಂ ಇದ್ರ ಇನ್ನೊಂದರಾಗ 250 ಇರ್ತದ. ಡ್ರಾಪ್ಸಿನಾಗ ಒಂದ ಎಂಎಲ್‌ಗೇ 100. ಸಿರಪ್ ಅಂತ ತಿಳದು ಡ್ರಾಪ್ಸ್ 5 ಎಂಎಲ್ ಹಾಕಿದ್ರ ಒಮ್ಮೆಲೆ 500 ಹೊಟ್ಟಿಗೆ ಹೋತು.

ಮಕ್ಕಳು ಅಂದ್ರ ಸಣ್ಣ ಸೈಜಿನ ದೊಡ್ಡವರಲ್ಲ. ಎಳೇ ಕೂಸಿನ ಲಿವರ್, ಕಿಡ್ನಿ ಇನ್ನೂ ಬಲತಿರಂಗಿಲ್ಲ, ಔಷಧ ಲಗೂ ಹೊರಗ ಹೋಗಂಗಿಲ್ಲ. ದೊಡ್ಡವರಿಗೆ ನಡೀತದ ಅಂತ ಕೊಟ್ಟ ನಿಮೆಸುಲೈಡ್, ನಮ್ಮ ಸರಕಾರ 2011ರಾಗ 12 ವರ್ಷದೊಳಗಿನ ಮಕ್ಕಳಿಗೆ ಬಂದ್ ಮಾಡ್ತು. ಟಾನ್ಸಿಲ್ ಆಪರೇಶನ್ ಆದಮ್ಯಾಲ ನೋವಿಗೆ ಕೋಡೀನ್ ಕೊಡ್ತಿದ್ರು. ಕೆಲವು ಮಕ್ಕಳ ಮೈಯಾಗ ಅದು ಭಾಳ ಜಲ್ದಿ ಮಾರ್ಫಿನ್ ಆಗಿ, ರೂಢಿ ಡೋಸಿನಾಗೇ ಉಸಿರು ನಿಂತು ಸತ್ತವು. 2013ರಾಗ ಅಮೆರಿಕಾದಾಗ ಎಚ್ಚರಿಕೆ ಬಂತು, 2017ಕ್ಕ 12ರೊಳಗ ಬ್ಯಾಡೇ ಬ್ಯಾಡ ಅಂದ್ರು.

ಇಷ್ಟ ಕೇಳಿನೂ ಕೆಲವರು, "ಮಕ್ಕಳ ಮ್ಯಾಲ ಸಂಶೋಧನಾ ಮಾಡೂದು ಪಾಪ" ಅಂತೀರಿ. ಸಂಶೋಧನಾ ಮಾಡ್ದ ಇದ್ದದ್ದಕ್ಕ ಏನಾತು ಕೇಳ್ರಿ. 1980ರ ದಶಕದ ತನಕಾ ಹೊರದೇಶದ ಎಷ್ಟೋ ದವಾಖಾನ್ಯಾಗ ಹಸುಗೂಸಿಗೆ ಪೂರ್ತಿ ಅರಿವಳಿಕೆ ಕೊಡ್ದನ ಕೊಯ್ತಿದ್ರು. ಕೂಸಿಗೆ ನೋವು ತಿಳಿಯಂಗಿಲ್ಲ ಅಂತ ಒಂದ ನಂಬಿಕಿ, ಔಷಧ ತಡಕೋಳಂಗಿಲ್ಲ ಅಂತ ಇನ್ನೊಂದ ಅಂಜಿಕಿ. ಭಾರತದಿಂದ ಆಕ್ಸ್‌ಫರ್ಡಿಗೆ ಹೋದ ಡಾ. ಆನಂದ್ ಮತ್ತ ಅವರ ಜೋಡಿಯವರು ಅಳದು ನೋಡಿ 1987ರಾಗ ತೋರಿಸಿದ್ರು: ನೋವಿನ ಔಷಧ ಸರಿಯಾಗಿ ಕೊಟ್ಟ ಕೂಸುಗಳೇ ಆಪರೇಶನ್ ಆದಮ್ಯಾಲ ಛಲೋ ಇದ್ದವು. ಯಾರೂ ಅಳೀದ ಇದ್ದಿದ್ರ ಆ ಕೂಸುಗಳ ಸಂಕಟ ಹಂಗ ನಡೀತಿತ್ತು.

ತಾಯಿ-ತಂದಿ ಒಪ್ಪಿ ಸಹಿ ಮಾಡಿ, ನೀತಿ ಸಮಿತಿ ನೋಡಿ, ಡಾಕ್ಟರು ತಾಸ ತಾಸಿಗೆ ಬರದಿಟ್ಟು ಮಾಡೂದು ಸಂಶೋಧನಾ. ತೂಕಿಲ್ಲ, ಅಳತಿಲ್ಲ, ಅಡಿಗಿಮನಿ ಚಮಚಾದಿಂದ ಕುಡಿಸೂದು ಏನು? ಪ್ರಯೋಗ ಅದ ಅಲ್ಲೇನು? ಅದಕ್ಕ ಮಾತ್ರ ಯಾರೂ ಪಾಪ ಅನ್ನಂಗಿಲ್ಲ!

ಇನ್ನ ಮ್ಯಾಲರ ಕೂಸಿನ ತೂಕ ಕ್ಯಾಲೆಂಡರಿನ ಮ್ಯಾಲ ಬರದಿಡ್ರಿ. ಬಾಟ್ಲಿ ಜೋಡಿ ಬಂದ ಅಳತಿನ ಬಳಸ್ರಿ. ಪ್ಯಾರಾಸಿಟಮಾಲ್ ಆದ್ರ ಎರಡ ಡೋಸಿನ ನಡುವ ಕಡಿಮಿ ಅಂದ್ರೂ ನಾಕ ತಾಸು ಇರಲಿ, ದಿನಕ್ಕ ನಾಕ ಸಲ ದಾಟಬ್ಯಾಡ. ಮೂರ ತಿಂಗಳೊಳಗಿನ ಕೂಸಿಗೆ ಜ್ವರ ಬಂದ್ರ ಮನ್ಯಾಗ ಏನೂ ಕೊಡಬ್ಯಾಡ್ರಿ, ದವಾಖಾನಿಗೆ ಓಡ್ರಿ. ಡಾಕ್ಟರಿಗೂ ಬಾಯಿಬಿಟ್ಟ ಕೇಳ್ರಿ: "ನನ್ನ ಕೂಸಿನ ತೂಕಕ್ಕ ಇದು ಎಷ್ಟ ಮಿಲಿಗ್ರಾಂ ಆತ್ರೀ?" ಕೇಳಲಿಕ್ಕೆ ಯಾಕ ನಾಚಿಕಿ? ಕಾಯಿಪಲ್ಯಾದಾಕಿ ತಕ್ಕಡಿ ಹಿಡದು ನೋಡೂ ನಾವು, ಕೂಸಿನ ಔಷಧಕ್ಕ ಯಾಕ ಕಣ್ಣ ಮುಚ್ಚಬೇಕು?