ಬಸ್ ನಂಬರಿನಂಥ ಹೆಸರು



ಹೋದ ವರ್ಷ ನನಗೆ ಸ್ತನ ಕ್ಯಾನ್ಸರ್ ಆಗಿ ಆಪರೇಷನ್ ಆಯಿತು. ಗಡ್ಡೆ ಪರೀಕ್ಷಿಸಿದ ರಿಪೋರ್ಟನ್ನು ಮೊಮ್ಮಗಳು ಓದಿದಳು: "ಅಜ್ಜಿ, ಕೆಐ-67 ಅಂತಿದೆ. ಬಸ್ ನಂಬರಾ?" ಭಯದಲ್ಲೂ ನಗು ಬಂತು.

ಡಾಕ್ಟರಮ್ಮ ಬಿಡಿಸಿ ಹೇಳಿದರು. ಅದೊಂದು ಪ್ರೋಟೀನು. ಜೀವಕೋಶ ಒಂದು ಎರಡಾಗಲು ಹೊರಟಾಗ ಕಾಣಿಸುತ್ತದೆ. ಸುಮ್ಮನಿರುವ ಕೋಶದಲ್ಲಿ ಕಾಣದು. ಅದನ್ನು ಗುರುತಿಸುವ ವಸ್ತು ಸಿಕ್ಕಿದ್ದು ಜರ್ಮನಿಯ ಕೀಲ್ ನಗರದಲ್ಲಿ, ಪ್ರಯೋಗದ ತಟ್ಟೆಯ 67ನೇ ಗುಳಿಯಲ್ಲಿ. ಊರಿನ ಮೊದಲೆರಡು ಇಂಗ್ಲಿಷ್ ಅಕ್ಷರ, ಗುಳಿಯ ಸಂಖ್ಯೆ ಸೇರಿ ಹೆಸರಾಯಿತು. 1983ರಲ್ಲಿ ಅದು ಲೋಕಕ್ಕೆ ತಿಳಿಯಿತು.

ನನ್ನ ಗಡ್ಡೆಯ 100 ಕೋಶಗಳಲ್ಲಿ 8ರಲ್ಲಷ್ಟೇ ಅದಿತ್ತು. ಅಂದರೆ ಬೆಳವಣಿಗೆ ನಿಧಾನ. ಈಸ್ಟ್ರೋಜನ್ ರಿಸೆಪ್ಟರ್ ಎಂಬ ಇನ್ನೊಂದು ಪ್ರೋಟೀನೂ ಇತ್ತು. ಹಾರ್ಮೋನು ಕೀಲಿಕೈಯಾದರೆ ಅದು ಬೀಗ. ಆ ಬೀಗದ ಕಿಂಡಿ ಮುಚ್ಚಲು ಟ್ಯಾಮಾಕ್ಸಿಫೆನ್ ಮಾತ್ರೆ, ದಿನಾ, 5 ವರ್ಷ.

"ಹಾಗಾದ್ರೆ ಮತ್ತೆ ಬರಲ್ವಾ?" ಎಂದಳು ಮೊಮ್ಮಗಳು.

"ಮೋಡ ನೋಡಿ ಮಳೆ ಹೇಳಿದ ಹಾಗೆ ಪುಟ್ಟಿ. ಅಂದಾಜು ಹೇಳಬಹುದು, ಮಾತು ಕೊಡೋಕಾಗಲ್ಲ" ಎಂದರು ಡಾಕ್ಟರಮ್ಮ.

ಅಜ್ಜಿಯರೇ, ಎದೆಯಲ್ಲಿ ಗಂಟು ಕೈಗೆ ಸಿಕ್ಕರೆ ನಾಚಿಕೊಳ್ಳದೆ ಡಾಕ್ಟರಿಗೆ ತೋರಿಸಿ. ನಮ್ಮನೆಯಲ್ಲಂತೂ ರಾತ್ರಿ ಊಟವಾದೊಡನೆ ಮೊಮ್ಮಗಳು ಮಾತ್ರೆ, ನೀರು ಹಿಡಿದು ಕೂಗುತ್ತಾಳೆ: "ಅಜ್ಜಿ, ನಿನ್ನ ಬಸ್ಸು ಬಂತು!"